ಅಗ್ಗದ ಎಲೆಕ್ಟ್ರಿಕ್ ಗಿಟಾರನ್ನು ಪಳಗಿಸುವುದು ಹೇಗೆ? ನಟ್ ಮೊದಲು, ಪಿಕಪ್ ಕೊನೆಗೆ

"ಹತ್ತು ಸಾವಿರಕ್ಕೆ ಗಿಟಾರ್ ತಗೊಂಡೆ, ಇದಕ್ಕೆ ಯಾವ ಪಿಕಪ್ ಹಾಕಲಿ?" ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. (ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ, ಅಯಸ್ಕಾಂತಕ್ಕೆ ಸುತ್ತಿದ ಸುರುಳಿ.) ಪ್ರತಿ ಸಲವೂ ನಾನು ತಿರುಗಿ ಕೇಳುವುದು ಒಂದೇ: ಶ್ರುತಿ ನಿಲ್ಲುತ್ತಾ? "ಇಲ್ಲ, ಎರಡು ಹಾಡು ನುಡಿಸುವಷ್ಟರಲ್ಲಿ ಇಳಿದುಹೋಗುತ್ತೆ" ಅಂತಾರೆ. ಹಾಗಿದ್ದರೆ ಪಿಕಪ್ ಬದಲಿಸಿ ಏನು ಮಾಡ್ತೀರಿ? ಅಪಶ್ರುತಿ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ಈಗ ಅಗ್ಗದ ಗಿಟಾರಿನ ಮರವನ್ನೂ ಯಂತ್ರವೇ ಕತ್ತರಿಸುತ್ತದೆ. ಹಾಗಾಗಿ ಬಾಡಿ, ನೆಕ್ (ಎಡಗೈ ಹಿಡಿಯುವ ಉದ್ದನೆ ಭಾಗ) ಸಾಮಾನ್ಯವಾಗಿ ಪರವಾಗಿಲ್ಲ ಅನ್ನುವಂತೆಯೇ ಇರುತ್ತವೆ. ದುಡ್ಡು ಉಳಿಸುವುದು ಎರಡು ಕಡೆ. ಒಂದು, ಸಣ್ಣಪುಟ್ಟ ಪಾರ್ಟುಗಳಲ್ಲಿ: ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಸೀಳುಪಟ್ಟಿ), ಬಿರಡೆ, ಸ್ವಿಚ್, ಕೇಬಲ್ ಸಿಕ್ಕಿಸುವ ಜ್ಯಾಕ್. ಇನ್ನೊಂದು, ಮನುಷ್ಯ ಕೂತು ಕೈಯಿಂದ ಮಾಡಬೇಕಾದ ಕೆಲಸದಲ್ಲಿ: ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ತುದಿ ಉಜ್ಜುವುದು, ನಟ್ ಸೀಳುವುದು, ತಂತಿಯ ಎತ್ತರ ಹೊಂದಿಸುವುದು. ಆ ಎರಡನೆಯದನ್ನು ನೀವೇ ಮಾಡಿದರೆ ಖರ್ಚು ಹತ್ತಿರ ಹತ್ತಿರ ಸೊನ್ನೆ, ಆದರೆ ಬದಲಾವಣೆ ಎಲ್ಲಕ್ಕಿಂತ ಜಾಸ್ತಿ. ಅದಕ್ಕೇ ಈ ಲೇಖನದ ಅರ್ಧ ಭಾಗದಲ್ಲಿ ಏನನ್ನೂ ಕೊಳ್ಳುವ ಮಾತಿಲ್ಲ.

ಇಲ್ಲಿ ನಾನು ತಗೊಂಡಿರುವುದು ಸ್ಟ್ರಾಟ್ ಮಾದರಿ, ಅಂದರೆ 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಆಕಾರದ್ದು. ಮೂರು ಪಿಕಪ್, ಐದು ಸ್ಥಾನದ ಸ್ವಿಚ್, ಅಲ್ಲಾಡಿಸುವ ಸರಳಿರುವ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ). ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಇದೇ ಮಾದರಿಯವು.

ಕೈ ಹಾಕುವ ಮೊದಲು

ಗಿಟಾರನ್ನು ಬಂದೂಕಿನ ಹಾಗೆ ಹಿಡಿದು ಬ್ರಿಡ್ಜ್ ಕಡೆಯಿಂದ ನೆಕ್ಕಿನ ಉದ್ದಕ್ಕೂ ಒಂದು ಕಣ್ಣಿನಲ್ಲಿ ನೋಡಿ. ಸ್ವಲ್ಪ ಬಾಗಿದ್ದರೆ ಸರಿ ಮಾಡಬಹುದು. ಆದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದ್ದರೆ ಆ ಗಿಟಾರಿಗೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ಒಂದನೇ ಮತ್ತು ಆರನೇ ತಂತಿ ನೆಕ್ಕಿನ ಅಂಚಿಗಿಂತ ಒಳಗೇ ಸಾಗುತ್ತಿವೆಯಾ ಅಂತಲೂ ನೋಡಿ.

ಖರ್ಚಿನ ವಿಷಯದಲ್ಲಿ ನನ್ನ ಲೆಕ್ಕ ಸರಳ. ಗಿಟಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ. ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ.

ಬೇಕಾದ ಸಾಮಾನು: ಅಲೆನ್ ಕೀ ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರ್ ಗೆರೆ ಇರುವ ಸ್ಟೀಲ್ ಸ್ಕೇಲ್, ಫೋನಿನಲ್ಲಿ ಟ್ಯೂನರ್ ಆ್ಯಪ್, ಒಂದು ಫೀಲರ್ ಗೇಜ್ (ಗ್ಯಾರೇಜಿನವರು ಫಿಲ್ಲರ್ ಗೇಜ್ ಅನ್ನುತ್ತಾರೆ, ತೆಳ್ಳನೆ ಸ್ಟೀಲ್ ಪಟ್ಟಿಗಳ ಗೊಂಚಲು, ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ). ವೈರಿಂಗ್ ಮಾಡುವುದಾದರೆ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ತಂತಿ, ಮಲ್ಟಿಮೀಟರ್. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಗೆ ಒಂದು ಸುತ್ತು ಹಾಕಿ. ಬೇರೆ ಊರಿನಲ್ಲಿ ಟಿವಿ ರಿಪೇರಿಯವರು ಸಾಮಾನು ತರುವ ಅಂಗಡಿ ಯಾವುದು ಅಂತ ಕೇಳಿದರೆ ಸಾಕು.

ಶುರು ಮಾಡುವ ಮೊದಲು ಫೋಟೊ ತೆಗೆಯಿರಿ. ಪ್ರತಿ ಹಂತದಲ್ಲೂ ತೆಗೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ನುಡಿಸಿ ನೋಡಿ, ಆಮೇಲೆ ಮುಂದಕ್ಕೆ ಹೋಗಿ.

ಹಂತ 1: ಹೊಸ ತಂತಿ, ಫ್ರೆಟ್ ಪಾಲಿಶ್

ಅಂಗಡಿಯಿಂದ ಬಂದ ತಂತಿ ತಿಂಗಳುಗಟ್ಟಲೆ ಹಳೆಯದಾಗಿರುತ್ತದೆ, ಅದರ ಮೇಲೆ ಯಾವ ಅಳತೆಯೂ ಸರಿಯಾಗಿ ಕೂರುವುದಿಲ್ಲ. ಬಿಚ್ಚಿ ಎಸೆಯಿರಿ. 9–42 ಸೆಟ್ ತಗೊಳ್ಳಿ. ಅಂದರೆ ಒಂದನೇ ತಂತಿ 0.009 ಇಂಚು ದಪ್ಪ, ಆರನೆಯದು 0.042. ಹೊಸಬರ ಬೆರಳಿಗೆ ಇದು ಹಗುರ, ಗಮಕಕ್ಕಾಗಿ ತಂತಿ ಎಳೆಯುವವರಿಗೂ ಒಳ್ಳೆಯದು.

ತಂತಿ ಬಿಚ್ಚಿದಾಗಲೇ ಫ್ರೆಟ್ ಉಜ್ಜಿಬಿಡಿ. ಫ್ರೆಟ್ಟುಗಳ ನಡುವಿನ ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, 1000 ನಂಬರಿನ ವಾಟರ್ ಪೇಪರ್, ಆಮೇಲೆ 2000. ತಂತಿ ಎಳೆದಾಗ ಬರುವ ಆ ಕರಕರ ಹೋಗಿ ಬೆಣ್ಣೆಯ ಹಾಗೆ ಜಾರುತ್ತದೆ. ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್ಪುಗಳನ್ನು ಪೂರ್ತಿ ಟೇಪಿನಿಂದ ಮುಚ್ಚಿ. ಅವು ಅಯಸ್ಕಾಂತ, ಕಬ್ಬಿಣದ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತವೆ. ನಾನು ಒಂದು ಸಲ ಮುಚ್ಚದೆ ಉಜ್ಜಿ, ಆಮೇಲೆ ಒಂದಿಡೀ ಭಾನುವಾರ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಅಂಟಿಸಿ ಕಿತ್ತು ಪುಡಿ ತೆಗೆದಿದ್ದೇನೆ.

ನೆಕ್ಕಿನ ಅಂಚಿನಲ್ಲಿ ಕೈ ಜಾರಿಸಿದರೆ ಫ್ರೆಟ್ ತುದಿ ಗೀರುತ್ತಾ? ಒಣಹವೆಯಲ್ಲಿ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಬರುತ್ತದೆ. ಮಾರ್ಚ್–ಏಪ್ರಿಲಿನಲ್ಲಿ ಈ ದೂರು ಜಾಸ್ತಿ. ಸಣ್ಣ ಹಲ್ಲಿನ ಅರದಿಂದ ತುದಿಗಳನ್ನಷ್ಟೇ ಮೆಲ್ಲಗೆ ಉರುಟು ಮಾಡಿ. ರೋಸ್‌ವುಡ್ ಥರದ ಪಾಲಿಶ್ ಇಲ್ಲದ ಕಪ್ಪು ಮರವಾದರೆ ಎರಡು ಹನಿ ಲೆಮನ್ ಆಯಿಲ್ ಹಚ್ಚಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ ಮಾರಾಯ್ರೇ, ಅದು ಕಮಟು ವಾಸನೆ ಬರುತ್ತದೆ.

ಹಂತ 2: ಟ್ರೆಮೊಲೊವನ್ನು ಸುಮ್ನೆ ಕೂರಿಸಿ

ಟ್ರೆಮೊಲೊ ಅಂದರೆ ಸರಳು ಒತ್ತಿದರೆ ಅಲ್ಲಾಡುವ ಬ್ರಿಡ್ಜ್. ವೀಣೆಯ ಕುದುರೆಯೇ ತೂಗಾಡಿದ ಹಾಗೆ ಅಂದುಕೊಳ್ಳಿ. ಒಂದು ಕಡೆ ತಂತಿಗಳು ಎಳೆಯುತ್ತವೆ, ಇನ್ನೊಂದು ಕಡೆ ಗಿಟಾರಿನ ಬೆನ್ನ ಹಿಂದಿರುವ ಸ್ಪ್ರಿಂಗುಗಳು. ಈ ಜಗ್ಗಾಟದಲ್ಲಿ ಒಂದು ತಂತಿ ಸ್ವಲ್ಪ ಇಳಿದರೂ ಉಳಿದ ಐದರ ಶ್ರುತಿ ಹೋಗುತ್ತದೆ.

ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್ ಸಿಕ್ಕಿಸಿರುವ ಪಂಜದಂಥ ತಗಡಿನ ಎರಡು ಸ್ಕ್ರೂಗಳನ್ನು ಸಮವಾಗಿ ಬಿಗಿ ಮಾಡುತ್ತಾ ಹೋಗಿ. ಬ್ರಿಡ್ಜ್ ಬಾಡಿಗೆ ಒತ್ತಿಕೊಂಡು ಕೂತಾಗ ನಿಲ್ಲಿಸಿ. ಸ್ಪ್ರಿಂಗ್ ಮೂರೇ ಇದ್ದು ಸಾಲದಿದ್ದರೆ ಇನ್ನೆರಡು ಹಾಕಿ. ಸರಳು ಬೇಕೇ ಬೇಕು ಅನ್ನುವವರು ಮುಂದೆ ಯಾವಾಗಲಾದರೂ ಮತ್ತೆ ತೇಲಿಸಿಕೊಳ್ಳಬಹುದು. ಎಚ್ಚರ: ಆ ತಗಡಿಗೆ ಒಂದು ವೈರ್ ಬೆಸೆದಿರುತ್ತದೆ. ಅದು ಗ್ರೌಂಡ್ ವೈರ್. ಕಿತ್ತುಹೋದರೆ ಗಿಟಾರ್ ಗುಂಯ್ ಅನ್ನಲು ಶುರು ಮಾಡುತ್ತದೆ.

ಹಂತ 3: ಟ್ರಸ್ ರಾಡ್

ನೆಕ್ಕಿನ ಒಳಗೆ ಉದ್ದಕ್ಕೆ ಒಂದು ಕಬ್ಬಿಣದ ಸರಳಿದೆ, ಅದೇ ಟ್ರಸ್ ರಾಡ್. ತಂತಿಗಳ ಎಳೆತಕ್ಕೆ ನೆಕ್ ಬಾಗದಂತೆ ತಡೆಯುವುದು ಅದರ ಕೆಲಸ. ನೆಕ್ ಪೂರ್ತಿ ನೇರ ಇರಬಾರದು, ಕೂದಲೆಳೆಯಷ್ಟು ಮುಂದಕ್ಕೆ ಬಾಗಿರಬೇಕು. ಇಲ್ಲದಿದ್ದರೆ ಕಂಪಿಸುವ ತಂತಿ ಫ್ರೆಟ್ಟಿಗೆ ತಾಗುತ್ತದೆ.

ಶ್ರುತಿ ಮಾಡಿದ ಗಿಟಾರಿನಲ್ಲಿ ಆರನೇ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲಿ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಒತ್ತಿ. ಇನ್ನೊಂದು ಕೈಯಿಂದ ನೆಕ್ ಬಾಡಿಗೆ ಸೇರುವ ಫ್ರೆಟ್ಟಿನಲ್ಲಿ ಒತ್ತಿ. ಈಗ ತಂತಿಯೇ ನಿಮ್ಮ ನೇರಗೋಲು. ಏಳು–ಎಂಟನೇ ಫ್ರೆಟ್ಟಿನ ಮೇಲೆ ಎಷ್ಟು ಸಂದಿ ಇದೆ? ಸುಮಾರು 0.25 ಮಿ.ಮೀ. ಇರಲಿ. ಫೀಲರ್ ಗೇಜಿನ ಪಟ್ಟಿ ತಂತಿಯನ್ನು ಎತ್ತದೆ ನುಸುಳಬೇಕು. ಸಂದಿ ಜಾಸ್ತಿ ಇದ್ದರೆ ರಾಡಿನ ತುದಿಗೆ ಅಲೆನ್ ಕೀ ಹಾಕಿ ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ, ಸಂದಿಯೇ ಇಲ್ಲದಿದ್ದರೆ ಉಲ್ಟಾ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಖಂಡಿತ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ.

ಜನ ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಂದು, ಸರಿಯಾಗಿ ಕೂರದ ಅಲೆನ್ ಕೀ ಹಾಕಿ ರಾಡಿನ ತುದಿಯ ಮೂಲೆಗಳನ್ನು ಸವೆಸುವುದು. ಇನ್ನೊಂದು, ತಂತಿ ಎತ್ತರವಾಗಿದೆ ಅಂತ ಟ್ರಸ್ ರಾಡ್ ತಿರುಗಿಸುವುದು. ತಂತಿಯ ಎತ್ತರಕ್ಕೆ ಬೇರೆ ಸ್ಕ್ರೂ ಇದೆ, ಅಲ್ಲಿಗೆ ಬರ್ತೀನಿ. ರಾಡ್ ಜಗ್ಗುತ್ತಲೇ ಇಲ್ಲ ಅಂದರೆ ಬಲ ಹಾಕಬೇಡಿ, ಗೊತ್ತಿದ್ದವರ ಹತ್ತಿರ ಕೊಂಡೊಯ್ಯಿರಿ. ಅದು ಮುರಿದರೆ ನೆಕ್ಕೇ ಹೋದ ಹಾಗೆ.

ಹಂತ 4: ನಟ್. ಇಲ್ಲಿ ಆತುರ ಬೇಡ

ನಟ್ ಅಂದರೆ ಬಿರಡೆಗಳ ಕೆಳಗೆ, ತಂತಿಗಳು ಹಾದುಹೋಗುವ ಆರು ಸೀಳುಗಳಿರುವ ಚಿಕ್ಕ ಪಟ್ಟಿ. ಅಗ್ಗದ ಗಿಟಾರಿನಲ್ಲಿ ಅದು ಪ್ಲಾಸ್ಟಿಕ್ಕಿನದು, ಕೆಲವು ಸಲ ಒಳಗೆ ಟೊಳ್ಳು. ಶ್ರುತಿ ನಿಲ್ಲದಿದ್ದರೆ ಎಲ್ಲರೂ ಬಿರಡೆಯನ್ನು ಬೈಯುತ್ತಾರೆ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ಕಳ್ಳ ನಟ್ಟಿನಲ್ಲಿರುತ್ತಾನೆ.

ಪರೀಕ್ಷೆ ಒಂದು. ಬಿರಡೆ ತಿರುಗಿಸುವಾಗ "ಟಿಂಗ್" ಅಂತ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರಿದರೆ ತಂತಿ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಮೊದಲು ಮೆತ್ತನೆಯ ಪೆನ್ಸಿಲ್ಲನ್ನು, 4ಬಿ ಅಥವಾ 6ಬಿ, ಸೀಳಿನೊಳಗೆ ಉಜ್ಜಿ. ಪೆನ್ಸಿಲ್ಲಿನ ಗ್ರಾಫೈಟ್ ಜಾರುಪುಡಿಯ ಕೆಲಸ ಮಾಡುತ್ತದೆ. ಎಷ್ಟೋ ಸಲ ಇಷ್ಟಕ್ಕೇ ರೋಗ ವಾಸಿ.

ಪರೀಕ್ಷೆ ಎರಡು. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಒಂದನೇ ಫ್ರೆಟ್ಟಿನ ಮೇಲಿನ ಸಂದಿ ನೋಡಿ. ಕಂಡೂ ಕಾಣದಷ್ಟು ಇರಬೇಕು, ಬೆರಳಿಂದ ತಟ್ಟಿದರೆ ಸಣ್ಣಗೆ ಟಿಕ್ ಅನ್ನಬೇಕು. ದೊಡ್ಡದಾಗಿ ಕಂಡರೆ ಸೀಳು ಸಾಕಷ್ಟು ಆಳವಿಲ್ಲ. ಆಗ ಒಂದು, ಎರಡನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರಗಳೆಲ್ಲ ತುಸು ಮೇಲಕ್ಕೆ ಹೋಗುತ್ತವೆ, ಟ್ಯೂನರ್ ಸರಿ ಅಂದರೂ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹುಳಿ ಹುಳಿ ಕೇಳಿಸುತ್ತದೆ. ಎಫ್ ಕಾರ್ಡ್ ಬರುತ್ತಲೇ ಇಲ್ಲ ಅಂತ ಬೆರಳಿಗೆ ಶಾಪ ಹಾಕುವ ಎಷ್ಟೋ ಜನರ ನಿಜವಾದ ಸಮಸ್ಯೆ ಇದೇ.

ಸೀಳು ಆಳ ಮಾಡಲು ನಟ್ ಫೈಲ್ ಅಂತ ಬರುತ್ತದೆ, ದುಬಾರಿ. ಗ್ಯಾಸ್ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ನಾಝಲ್ ತೂತು ಸ್ವಚ್ಛ ಮಾಡುವ ಉರುಟು ಅರಗಳ ಪುಟ್ಟ ಸೆಟ್ ಸಿಗುತ್ತದೆ, ಮನೆ ಕೆಲಸಕ್ಕೆ ಅದು ಧಾರಾಳ ಸಾಕು. ತಂತಿಗಿಂತ ಒಂಚೂರು ದಪ್ಪದ್ದನ್ನು ಆರಿಸಿ. ಬಿರಡೆಯ ಕಡೆಗೆ ಇಳಿಜಾರು ಬರುವಂತೆ ಉಜ್ಜಿ, ತಂತಿ ಫ್ರೆಟ್ಟುಗಳ ಕಡೆಯ ಅಂಚಿನಲ್ಲೇ ಕೂರಬೇಕು. ಮೂರು ಸಲ ಉಜ್ಜಿ, ತಂತಿ ಕೂರಿಸಿ, ಶ್ರುತಿ ಮಾಡಿ, ನೋಡಿ. ಮತ್ತೆ ಮೂರು ಸಲ. ಒಂದು ತಂತಿಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ.

ಜಾಸ್ತಿ ಉಜ್ಜಿಬಿಟ್ಟು, ಎಲ್ಲೂ ಒತ್ತದೆ ಮೀಟಿದ ತಂತಿ ಝರ್ ಅನ್ನುತ್ತಿದೆಯಾ? ಗಾಬರಿ ಬೇಡ. ಸೀಳಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಒಂದು ಹನಿ ಫೆವಿಕ್ವಿಕ್ ಬಿಡಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಮತ್ತೆ ಹೊಸದಾಗಿ ಸೀಳಬಹುದು. ಹೊಗೆ ಬರುತ್ತದೆ, ಮುಖ ದೂರ ಇಡಿ, ಅಕ್ಕಪಕ್ಕ ಟೇಪ್ ಹಚ್ಚಿರಿ.

ಪೂರ್ತಿ ಬದಲಿಸುವುದಾದರೆ ಮೂಳೆಯ ನಟ್ ಅಥವಾ ಗ್ರಾಫೈಟ್ ಬೆರೆಸಿದ್ದು ತಗೊಳ್ಳಿ. ಅಗಲ, ದಪ್ಪ, ಒಂದನೇ ಮತ್ತು ಆರನೇ ತಂತಿಯ ಅಂತರ, ತಳ ಚಪ್ಪಟೆಯೋ ಬಾಗಿದೆಯೋ, ಈ ನಾಲ್ಕನ್ನೂ ಹಳೆಯದರಿಂದ ಅಳೆದುಕೊಂಡೇ ಕೊಳ್ಳಿ. ಹಳೆಯದನ್ನು ಕೀಳುವ ಮುಂಚೆ ಸುತ್ತಲಿನ ಬಣ್ಣವನ್ನು ಬ್ಲೇಡಿನಿಂದ ಗೀರಿ, ಇಲ್ಲದಿದ್ದರೆ ಬಣ್ಣದ ಚಕ್ಕೆ ಎದ್ದುಬರುತ್ತದೆ.

ಹಂತ 5: ಆ್ಯಕ್ಷನ್ ಮತ್ತು ಇಂಟೊನೇಶನ್

ಆ್ಯಕ್ಷನ್ ಅಂದರೆ ಫ್ರೆಟ್ಟಿನಿಂದ ತಂತಿಗಿರುವ ಎತ್ತರ. ಹನ್ನೆರಡನೇ ಫ್ರೆಟ್ಟಿನ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಆರನೇ ತಂತಿ 2 ಮಿ.ಮೀ., ಒಂದನೆಯದು 1.6 ಮಿ.ಮೀ. ಹತ್ತಿರ ಇದ್ದರೆ ಶುರುವಿಗೆ ಸರಿ. ಬ್ರಿಡ್ಜಿನಲ್ಲಿ ಪ್ರತಿ ತಂತಿಯ ಕೆಳಗಿರುವ ಸ್ಯಾಡಲ್‌ನ ಎರಡು ಪುಟ್ಟ ಸ್ಕ್ರೂಗಳಿಂದ ಏರಿಸಿ, ಇಳಿಸಿ. ಗಮಕ ಜಾಸ್ತಿ ನುಡಿಸುವವರು, ತಂತಿ ಉದ್ದಕ್ಕೆ ಎಳೆಯುವವರು ಸ್ವಲ್ಪ ಎತ್ತರವೇ ಇಟ್ಟುಕೊಳ್ಳಿ. ತೀರಾ ಕೆಳಗಿದ್ದರೆ ಎಳೆದಾಗ ಮೇಲಿನ ಫ್ರೆಟ್ಟಿಗೆ ತಾಗಿ ಸ್ವರ ಸತ್ತುಹೋಗುತ್ತದೆ.

ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವಿದ್ದರೆ ನೆಕ್ ಬಿಚ್ಚಿ, ಅದು ಕೂರುವ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ಅಂಚಿಗೆ ವಿಸಿಟಿಂಗ್ ಕಾರ್ಡಿನ ಒಂದು ಚೂರು ಇಟ್ಟು ಮತ್ತೆ ಬಿಗಿ ಮಾಡಿ. ನೆಕ್ ಹಿಂದಕ್ಕೆ ವಾಲುತ್ತದೆ, ತಂತಿ ತಗ್ಗುತ್ತದೆ.

ಇಂಟೊನೇಶನ್ ಅಂದರೆ ನೆಕ್ಕಿನ ಎಲ್ಲ ಕಡೆಯೂ ಸ್ವರ ಸರಿಯಾಗಿ ಬರುವುದು. ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಟ್ಯೂನರಿನಲ್ಲಿ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ.

ಇಲ್ಲಿಗೆ ನಿಲ್ಲಿಸಿ. ಎರಡು ವಾರ ನುಡಿಸಿ. ಅರ್ಧಕ್ಕರ್ಧ ಜನರಿಗೆ ಮುಂದಿನ ಹಂತಗಳ ಅಗತ್ಯವೇ ಇರುವುದಿಲ್ಲ.

ಹಂತ 6: ಬಿರಡೆಗಳು

ಪೆನ್ಸಿಲ್ ಉಜ್ಜಿ, ಹೊಸ ತಂತಿಯನ್ನು ಚೆನ್ನಾಗಿ ಎಳೆದು ಎಳೆದು ಪಳಗಿಸಿ, ಬಿರಡೆಗೆ ಎರಡು–ಮೂರು ಸುತ್ತು ನೀಟಾಗಿ ಸುತ್ತಿದ ಮೇಲೂ ಶ್ರುತಿ ಇಳಿದರೆ ಆಗ ಬಿರಡೆ ಬದಲಿಸಿ. ತಂತಿಯನ್ನು ಹಿಡಿದುಕೊಳ್ಳುವ ಲಾಕಿಂಗ್ ಬಿರಡೆ ಆದರೆ ಒಳ್ಳೆಯದು. ತೂತಿನ ಅಳತೆ ನೋಡಿ, ಈಗಿನವುಗಳಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಹಿಂದಿನ ಸ್ಕ್ರೂ ತೂತಿನ ಜಾಗ ಹೊಂದದಿದ್ದರೆ ಹಳೆಯ ತೂತಿಗೆ ಊದುಬತ್ತಿಯ ಬಿದಿರುಕಡ್ಡಿ, ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಸಣ್ಣ ಡ್ರಿಲ್ ಬಿಟ್ಟಿನಿಂದ ಹೊಸದು ಕೊರೆಯಿರಿ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿ. ಈ ಪುಟಾಣಿ ಸ್ಕ್ರೂಗಳ ತಲೆ ಮುರಿಯುವುದು ಭಾರೀ ಸುಲಭ.

ಹಂತ 7: ವೈರಿಂಗ್

ವಾಲ್ಯೂಮ್ ತಿರುಗಿಸಿದರೆ ಕರಕರ, ಸ್ವಿಚ್ ಹಾಕಿದರೆ ಸದ್ದೇ ಮಾಯ, ಕೇಬಲ್ ಅಲ್ಲಾಡಿದರೆ ಬಿಟ್ಟು ಬಿಟ್ಟು ಬರುತ್ತೆ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿ. ಹೋಗದಿದ್ದರೆ ಬದಲಿಸಿ. ಮೊದಲು ಜ್ಯಾಕ್, ಆಮೇಲೆ ಸ್ವಿಚ್, ಕೊನೆಗೆ ಪಾಟ್.

ಪಾಟ್ ಅಂದರೆ ವಾಲ್ಯೂಮ್, ಟೋನ್ ನಾಬಿನ ಕೆಳಗಿರುವ, ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋಓಮ್, ಹಂಬಕರ್ ಅನ್ನುವ ಜೋಡಿ ಸುರುಳಿಯ ಪಿಕಪ್ಪಿಗೆ 500. ಮೇಲೆ ಎ250ಕೆ ಅಂತ ಬರೆದಿರುವುದನ್ನು ತಗೊಳ್ಳಿ. ಬಿ250ಕೆ ಹಾಕಿದರೆ ವಾಲ್ಯೂಮ್ ನಮ್ಮ ಕಿವಿಗೆ ಒಂದೇ ಸಮ ಏರುವುದಿಲ್ಲ. ಟೋನ್ ಕೆಪಾಸಿಟರ್ 0.022 ಮೈಕ್ರೋಫ್ಯಾರಡ್, ಅದರ ಮೇಲೆ 223 ಅಂತ ಇರುತ್ತದೆ. ಇನ್ನೂ ಮಂದ ಬೇಕಾದರೆ 473, ಅಂದರೆ 0.047. ಸಾವಿರಾರು ರೂಪಾಯಿಯ "ವಿಂಟೇಜ್" ಕೆಪಾಸಿಟರಿಗೆ ಮರುಳಾಗಬೇಡಿ. ಅಳತೆ ಒಂದೇ ಆದರೆ ಚಿಲ್ಲರೆ ಕಾಸಿನದ್ದೂ ಅದೇ ಕೆಲಸ ಮಾಡುತ್ತದೆ.

ಕೊಳ್ಳುವ ಮೊದಲು ಮೂರು ಅಳತೆ. ಅಗ್ಗದ ಗಿಟಾರಿನಲ್ಲಿ ಚಿಕ್ಕ ಪಾಟ್ ಇರುತ್ತದೆ, ದೊಡ್ಡ ಪಾಟಿಗೆ 9.5 ಮಿ.ಮೀ. ತೂತು ಬೇಕು, ಪಿಕ್‌ಗಾರ್ಡಿನ (ಬಾಡಿಯ ಮುಂದಿನ ಪ್ಲಾಸ್ಟಿಕ್ ತಗಡಿನ) ತೂತನ್ನು ಅರದಿಂದ ಹಿಗ್ಗಿಸಬೇಕಾದೀತು. ಬಾಡಿ ತೆಳ್ಳಗಿದ್ದರೆ ದೊಡ್ಡ ಸ್ವಿಚ್ ತಳಕ್ಕೆ ತಾಗುತ್ತದೆ, ಬಾಡಿಯೊಳಗಿನ ಗುಂಡಿಯ ಆಳ ನೋಡಿ. ಹೊಸ ಪಾಟಿನ ಹಲ್ಲು ಬೇರೆಯಾದರೆ ಹಳೆಯ ನಾಬ್ ಕೂರುವುದಿಲ್ಲ.

ಬೆಸುಗೆ ಹಾಕುವಾಗ ಪಾಟಿನ ಬೆನ್ನನ್ನು ಮರಳುಕಾಗದದಿಂದ ಗೀರಿ, ಐರನ್ನಿನ ತುದಿಗೆ ಸೋಲ್ಡರ್ ಹಚ್ಚಿ, ಲೋಹ ಬಿಸಿಯಾದ ಮೇಲೆ ಸೋಲ್ಡರ್ ಮುಟ್ಟಿಸಿ. ಮೂರು–ನಾಲ್ಕು ಸೆಕೆಂಡ್. ಜಾಸ್ತಿ ಹಿಡಿದರೆ ಪಾಟ್ ಒಳಗೇ ಸುಡುತ್ತದೆ. ಬೆಸುಗೆ ಹೊಳೆಯಬೇಕು, ಬೂದು ಉಂಡೆಯಾದರೆ ಮತ್ತೆ ಬಿಸಿ ಮಾಡಿ. ಕಿಟಕಿ ತೆರೆದಿಡಿ, ಬಾಡಿಯ ಮೇಲೆ ದಪ್ಪ ಬಟ್ಟೆ ಹಾಸಿ.

ಮುಚ್ಚುವ ಮುಂಚೆ ಪರೀಕ್ಷೆ: ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯಿಂದ ಪ್ರತಿ ಪಿಕಪ್ಪನ್ನು ಮೆಲ್ಲಗೆ ತಟ್ಟಿ. ಸ್ವಿಚ್ಚಿನ ಆಯಾ ಸ್ಥಾನದಲ್ಲಿ ಟಕ್ ಟಕ್ ಕೇಳಬೇಕು. ತಂತಿ ಹಾಕಿದ ಮೇಲೆ, ತಂತಿ ಮುಟ್ಟಿದರೆ ಗುಂಯ್ ಕಡಿಮೆಯಾಗಬೇಕು. ಜಾಸ್ತಿಯಾದರೆ ಜ್ಯಾಕಿನ ಎರಡು ವೈರ್ ಅದಲುಬದಲಾಗಿವೆ.

ಹಂತ 8: ಗುಂಯ್ ಸದ್ದು

ಒಳಗಿನ ಗುಂಡಿಗೆಲ್ಲ ತಾಮ್ರದ ಟೇಪ್ ಅಂಟಿಸಿ, ಅದನ್ನು ಗ್ರೌಂಡಿಗೆ ಬೆಸೆದರೆ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರಿನ ಕಿರಿಕಿರಿ ಬಹಳ ಕಡಿಮೆಯಾಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗೆ ಮಾಮೂಲಿ ಬೆಸುಗೆ ಹಿಡಿಯುವುದಿಲ್ಲ, ಬೇಡ. ಟೇಪ್ ಜ್ಯಾಕಿನ ಸಿಗ್ನಲ್ ತುದಿಗೆ ತಾಗಿದರೆ ಸದ್ದೇ ಬರುವುದಿಲ್ಲ. ಅಷ್ಟಾದರೂ ಸಿಂಗಲ್ ಕಾಯಿಲಿನ 50 ಹರ್ಟ್ಜ್ ಗುಂಯ್ ಪೂರ್ತಿ ಹೋಗದು, ಅದು ಆ ಪಿಕಪ್ಪಿನ ಹುಟ್ಟುಗುಣ. ನಡುವಿನ ಪಿಕಪ್ ಉಲ್ಟಾ ಸುತ್ತಿದ್ದಾಗಿದ್ದರೆ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಮಾತ್ರ ತಣ್ಣಗಾಗುತ್ತದೆ.

ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ಅದು ಗಿಟಾರಿನ ತಪ್ಪಲ್ಲ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ, ಅಥವಾ ಆಂಪ್ ಕೆಟ್ಟಿದೆ. ತಕ್ಷಣ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಯಿರಿ. ಇದು ಜೀವಕ್ಕೆ ಸಂಬಂಧಿಸಿದ್ದು, ತಮಾಷೆಯಲ್ಲ.

ಹಂತ 9: ಈಗ ಪಿಕಪ್

ಕೊಳ್ಳುವ ಮೊದಲು ಇರುವುದರ ಎತ್ತರ ಬದಲಿಸಿ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ 2 ಮಿ.ಮೀ. ಆಸುಪಾಸು ಬಿಡಿ, ದಪ್ಪ ತಂತಿಯ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಹತ್ತಿರ ಇದ್ದರೆ ಸದ್ದು ಜೋರು, ಆದರೆ ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತದೆ.

ಅಗ್ಗದವುಗಳಲ್ಲಿ ಕಬ್ಬಿಣದ ಮೊಳೆಗಳ ಕೆಳಗೆ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಸಿರುತ್ತಾರೆ. ಹಳೆಯ ಸ್ಟ್ರಾಟ್ ನಾದ ಬೇಕು ಅನ್ನುವವರು ಆಲ್ನಿಕೊ ಹುಡುಕುತ್ತಾರೆ, ಅದು ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಅಯಸ್ಕಾಂತ. ಸೆರಾಮಿಕ್ ಕೆಟ್ಟದ್ದು ಅಂತಲ್ಲ, ಡಿಸ್ಟಾರ್ಶನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಜಾಸ್ತಿ ಹಾಕುವವರಿಗೆ ಅದೇ ಹಿಡಿಸಬಹುದು. ಮೂರನ್ನೂ ಬದಲಿಸಲು ದುಡ್ಡಿಲ್ಲದಿದ್ದರೆ ಬ್ರಿಡ್ಜ್ ಕಡೆಯದ್ದನ್ನು ಮಾತ್ರ ಬದಲಿಸಿ, ಕಿವಿಗೆ ಚುಚ್ಚುವುದು ಹೆಚ್ಚಾಗಿ ಅದೇ. ಹಾಗೆ ಮಾಡಿದಾಗ ಸ್ವಿಚ್ಚಿನ ಎರಡನೇ ಸ್ಥಾನದಲ್ಲಿ, ಅಂದರೆ ಬ್ರಿಡ್ಜ್ ಮತ್ತು ನಡುವಿನ ಪಿಕಪ್ ಒಟ್ಟಿಗೆ ಇರುವಲ್ಲಿ, ಸದ್ದು ತೆಳ್ಳಗೆ, ಮೂಗಿನಿಂದ ಬಂದ ಹಾಗೆ ಕೇಳಿದರೆ ಹೊಸ ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿ.

ಬಿಚ್ಚಿದ ಹಳೆಯ ಪಿಕಪ್, ಬಿರಡೆ, ಸ್ಕ್ರೂ ಎಲ್ಲವನ್ನೂ ಒಂದು ಜಿಪ್ ಕವರಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿರಿ. ಗಿಟಾರ್ ಮಾರುವ ದಿನ ಹಳೆಯದನ್ನೇ ಮತ್ತೆ ಕೂರಿಸಿ ಮಾರಿ, ಹೊಸ ಪಾರ್ಟುಗಳು ನಿಮ್ಮ ಮುಂದಿನ ಗಿಟಾರಿಗೆ ಬರುತ್ತವೆ.